ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು

ಫೆಬ್ರವರಿ 3

ಇದು ದಿನಚರಿಯಲ್ಲ, ಔಷಧಿ. ಮೊದಲೇ ಬರೆದಿಡುತ್ತೇನೆ, ನಾಳೆ ಯಾರಾದರೂ ಓದಿ ನನಗೆ ಈ ವಯಸ್ಸಿನಲ್ಲಿ ಸಾಹಿತಿಯಾಗುವ ಆಸೆ ಹುಟ್ಟಿತೆಂದು ತಿಳಿಯಬಾರದು.

ಬಲಗೈಯ ಪ್ಲಾಸ್ಟರ್ ಇವತ್ತು ಬಿಚ್ಚಿದರು. ಆರು ವಾರದ ಮೇಲೆ ಹೊರಬಂದ ಕೈ ನನ್ನದೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಒದ್ದೆಯಲ್ಲೇ ಮಡಚಿಟ್ಟು ಮರೆತ ಬಟ್ಟೆಯ ಹಾಗಿತ್ತು: ಬಣ್ಣಗೆಟ್ಟು, ಸುಕ್ಕುಗಟ್ಟಿ, ಒಂಥರಾ ವಾಸನೆ. ಬೆರಳು ಮಡಚುವುದಿಲ್ಲ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು ದಿನಕ್ಕೊಂದು ಪುಟ ಬರೆಯಲೇಬೇಕೆಂದಳು. ಇವಳಿಗೆ ನಾನು ಹಿಂಡಮ್ಮ ಎಂದು ಹೆಸರಿಟ್ಟಿದ್ದೇನೆ. ನನ್ನ ಕೈಯನ್ನು ನೆಲ ಒರೆಸುವ ಬಟ್ಟೆಯಂತೆ ಹಿಂಡುತ್ತಾಳೆ. ಏನು ಬರೆಯಲಿ ಎಂದೆ. ಏನಾದರೂ ಬರೆಯಿರಿ, ನಾನೇನೂ ಓದುವುದಿಲ್ಲ ಎಂದಳು. ಬಿಡದೆ ಬರೆದರೆ ಎರಡು ತಿಂಗಳಲ್ಲಿ ಹೊಲಿಯುವ ಕೈ ಮರಳಬಹುದಂತೆ. ಬಿಟ್ಟರೆ ಎಂದು ಕೇಳಿದ್ದಕ್ಕೆ ಇನ್ನೊಮ್ಮೆ ಹಿಂಡಿದಳು.

ಮೂವತ್ತು ವರ್ಷದಿಂದ ನಾನು ಬರೆದದ್ದು ಗಿರಾಕಿಗಳ ಅಳತೆ ಮಾತ್ರ. ಎದೆ, ಸೊಂಟ, ತೋಳು. ಅರ್ಧ ಪುಟಕ್ಕೇ ಕೈ ಸೋತಿತು.

ಫೆಬ್ರವರಿ 4

ಪ್ಲಾಸ್ಟರ್ ಹೋಯಿತು, ನಾದಿನಿ ಹೋಗಲಿಲ್ಲ.

ನಾನು ಸ್ಟೂಲಿನ ಮೇಲಿಂದ ಬಿದ್ದ ದಿನ ಮನೆಯವರು ಮೊದಲು ಫೋನು ಮಾಡಿದ್ದು ತಮ್ಮ ತಂಗಿಗೆ, ಆಮೇಲೆ ಡಾಕ್ಟರಿಗೆ. ಮರುದಿನವೇ ಎರಡು ದೊಡ್ಡ ಚೀಲ ಹೊತ್ತು ಬಂದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಬೇರೆ ಊರಿನಲ್ಲಿ ಒಬ್ಬಳೇ ಇದ್ದಾಳೆ. ಯಾಕೆ ಮದುವೆಯಾಗಲಿಲ್ಲ ಎಂದವರಿಗೆ "ಭಾಗ ಹೋಗಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಾಳೆ.

ಮುಂದಿನ ಕೋಣೆಯೇ ನನ್ನ ಅಂಗಡಿ. ಈ ಆರು ವಾರದಲ್ಲಿ ಅಲ್ಲಿ ಅವಳು ಮುಟ್ಟದ ವಸ್ತುವಿಲ್ಲ. ಬಣ್ಣ ನೋಡಿ ವಿಂಗಡಿಸಿದ್ದ ಗುಂಡಿಗಳನ್ನೆಲ್ಲ ಸುರಿದು, ಎರಡು ತೂತಿನವು ಒಂದು ಡಬ್ಬಿ, ನಾಲ್ಕು ತೂತಿನವು ಒಂದು ಡಬ್ಬಿ ಮಾಡಿದ್ದಾಳೆ. ಗಿರಾಕಿ ಬಂದು ನಾಲ್ಕು ತೂತಿನ ರವಿಕೆ ಹೊಲಿದುಕೊಡಿ ಎಂದು ಕೇಳುತ್ತಾಳೆಯೇ? ಮನೆಯವರ ಹತ್ತಿರ ದೂರಿದರೆ, ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ ಎಂದು ಕೆಲಸಕ್ಕೆ ಹೊರಟರು. ಲಿಫ್ಟ್ ರಿಪೇರಿ ಮಾಡುವವರು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನೆಲ್ಲ ಬಿಡಿಸುತ್ತಾರೆ, ನನ್ನನ್ನು ಬಿಟ್ಟು.

ನನ್ನ ಕೈ ಮರಳುವವರೆಗೆ ಇರುತ್ತಾಳಂತೆ. ಹಿಂಡಮ್ಮನ ಎರಡು ತಿಂಗಳ ಲೆಕ್ಕದಲ್ಲಿ ಅವಳು ಹೋಗಲು ಇನ್ನು ಐವತ್ತೆಂಟು ದಿನ.

ಫೆಬ್ರವರಿ 6

ಬರೆಯಲು ಏನೂ ತೋಚದೆ ನಿನ್ನೆ ಪುಟದ ತುಂಬ "ಕೈ ನೋಯುತ್ತಿದೆ" ಎಂದು ಬರೆದೆ. ಮೂವತ್ತನಾಲ್ಕು ಸಲ. ಓದಿ ಹೇಳಿದ್ದಕ್ಕೆ ನಾದಿನಿ ಅದನ್ನು ಇಂಪೊಸಿಷನ್ ಎಂದು ಕರೆದಳು. ಕೈಗೆ ಕೆಲಸ ಬೇಕಿದ್ದರೆ ಭಾಗಾಕಾರಕ್ಕಿಂತ ಒಳ್ಳೆಯದಿಲ್ಲವಂತೆ. ಹೊಲಿಗೆ ಯಂತ್ರದ ಬಳಿ ಹೋಗಿ, ಅದರ ಮೈಮೇಲೆ ಕೆತ್ತಿರುವ ನಂಬರಿನ ಮೇಲೆ ಬೆರಳಾಡಿಸಿದಳು. ಒಂದು, ಸೊನ್ನೆ, ಎರಡು, ಎರಡು, ಒಂದು, ಒಂದು, ಏಳು. ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಮೂವತ್ತು ವರ್ಷ ಆ ಯಂತ್ರ ತುಳಿದಿದ್ದೇನೆ, ಅದಕ್ಕೆ ನಂಬರಿದೆ ಎಂದು ಇವತ್ತು ಗೊತ್ತಾಯಿತು.

ಈ ಸಂಖ್ಯೆಯನ್ನು ಶೇಷ ಉಳಿಯದಂತೆ ಯಾವುದಾದರೂ ಭಾಗಿಸುತ್ತದೆಯೇ ಎಂದು ಕಂಡುಹಿಡಿಯಬೇಕು. ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರಾವುದೂ ಭಾಗಿಸದಿದ್ದರೆ ಅದು ಅವಿಭಾಜ್ಯ. ನನಗೆ ಅರ್ಥವಾದದ್ದು ಹೀಗೆ: ಇಷ್ಟು ಅಂಗುಲ ಉದ್ದದ ಬಟ್ಟೆಯಿದೆ; ಎಷ್ಟೆಷ್ಟರ ತುಂಡು ಮಾಡಿದರೆ ಚೂರೂ ಉಳಿಯದು?

ಫೋನಿನಲ್ಲಿ ಒತ್ತಿದರೆ ಹೇಳಿಬಿಡುತ್ತದಲ್ಲ ಎಂದೆ.

"ಫೋನಲ್ಲಿ ಒತ್ತಿದ್ರೆ ಲೆಕ್ಕ ಮುಗಿಯತ್ತೆ ಅತ್ತಿಗೆ, ನಿಮ್ಮ ಬೆರಳು ಹಾಗೇ ಇರತ್ತೆ."

ಅವಳ ಮಾತು ಸರಿಯಿದ್ದಾಗ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಎರಡರಿಂದ ಹೋಗದು, ಬೆಸ ಸಂಖ್ಯೆ. ಮೂರರಿಂದ ಹೋಗದು, ಅಂಕಿಗಳನ್ನು ಕೂಡಿದರೆ ಹದಿನಾಲ್ಕು. ಐದು ಕೇಳಲೇಬೇಡಿ. ಏಳರಿಂದ ಭಾಗಿಸಿದರೆ ಶೇಷ ಐದು. ಹನ್ನೊಂದಕ್ಕೆ ಎಂಟು. ಹದಿಮೂರಕ್ಕೆ ಮತ್ತೆ ಐದು. ಒಂದು ಪುಟ ತುಂಬಿತು.

ಫೆಬ್ರವರಿ 8

ಎಲ್ಲಿಯವರೆಗೆ ಭಾಗಿಸುತ್ತಾ ಕೂರಬೇಕು ಎಂದು ಜಗಳ ತೆಗೆದೆ. ಹತ್ತು ಲಕ್ಷದವರೆಗೋ? ಬೇಡವಂತೆ, ಸುಮಾರು ಸಾವಿರದವರೆಗೆ ಸಾಕಂತೆ. ಭಾಗಿಸುವ ಸಂಖ್ಯೆಗಳು ಜೋಡಿಯಾಗಿಯೇ ಬರುತ್ತವೆ. ಎರಡನ್ನು ಗುಣಿಸಿದರೆ ಇದು ಬರಬೇಕು. ಎರಡೂ ಸಾವಿರವನ್ನು ಬಹಳ ದಾಟಿದರೆ ಗುಣಲಬ್ಧ ಮಿತಿಮೀರುತ್ತದೆ. ಹಾಗಾಗಿ ಜೋಡಿಯಲ್ಲಿ ಕುಳ್ಳಗಿರುವುದನ್ನು ಹಿಡಿದರೆ ಉದ್ದನೆಯದು ತಾನಾಗಿ ಸಿಗುತ್ತದೆ. ಗಂಡ ಹೆಂಡತಿ ಇದ್ದ ಹಾಗೆ ಎಂದೆ. ನಮ್ಮ ಜೋಡಿಯಲ್ಲಿ ಕುಳ್ಳಗಿರುವವರು ಊಟಕ್ಕೆ ಕುಳಿತಿದ್ದರು, ತಲೆಯೆತ್ತಲಿಲ್ಲ.

ಭಾಗಿಸುವುದಕ್ಕೂ ಅವಿಭಾಜ್ಯಗಳೇ ಸಾಕು. ಸಾವಿರದೊಳಗೆ ನೂರ ಅರವತ್ತೆಂಟು ಇವೆಯಂತೆ. ಅವಳಿಗೆ ಅಷ್ಟೂ ಬಾಯಿಪಾಠ. ತರಕಾರಿ ಹೆಚ್ಚುತ್ತಾ ಹೇಳುತ್ತಾಳೆ, ನಾನು ಬರೆಯುತ್ತೇನೆ.

ಫೆಬ್ರವರಿ 11

ಇವತ್ತು ಐವತ್ತೊಂಬತ್ತರಿಂದ ಭಾಗಿಸಿದೆ. ಶೇಷ ಒಂದು. ಒಂದೇ ಒಂದು. ಒಂದು ಅಂಗುಲ ಕಡಿಮೆಯಿದ್ದಿದ್ದರೆ ಸರಿಯಾಗಿ ಕೂರುತ್ತಿತ್ತು. ನಾನು ಎರಡು ಸಲ ಮಾಡಿ ನೋಡಿದೆ. ಆಮೇಲೆ ಅರವತ್ತೊಂದು. ಶೇಷ ಮತ್ತೆ ಒಂದು.

ಆ ಯಂತ್ರ ನನ್ನನ್ನು ಗೇಲಿ ಮಾಡುತ್ತಿದೆ.

ಫೆಬ್ರವರಿ 12

ಅರವತ್ತೇಳು ಮರ್ಯಾದೆಯಿಂದ ಮೂವತ್ತೆರಡು ಉಳಿಸಿತು. ಎಪ್ಪತ್ತೊಂದಕ್ಕೆ ಮತ್ತೆ ಒಂದು. ಪುಸ್ತಕ ಎಸೆದೆ. ಎಡಗೈಯಲ್ಲಲ್ಲ, ಬಲಗೈಯಲ್ಲಿ; ಹಿಂಡಮ್ಮನಿಗೆ ಹೇಳಿದರೆ ಸಂತೋಷಪಡುತ್ತಾಳೆ.

ನಾದಿನಿ ಮಾತ್ರ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಐವತ್ತೊಂಬತ್ತನ್ನು ಅರವತ್ತೊಂದರಿಂದ ಗುಣಿಸಿ, ಅದನ್ನು ಎಪ್ಪತ್ತೊಂದರಿಂದ, ಅದನ್ನು ನಾಲ್ಕರಿಂದ ಎಂದು ಗೊಣಗುತ್ತಾ ಹೋಗಿ, ಸರಿಯಾಗಿ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನಾರು ಬರುತ್ತದೆ ಎಂದಳು. ಅಂದರೆ ನಮ್ಮದಕ್ಕಿಂತ ಒಂದು ಕಡಿಮೆ. ಪಕ್ಕದ ಮನೆಯ ಸಂಖ್ಯೆಗೆ ಅಷ್ಟೊಂದು ನೆಂಟರು, ನಮ್ಮದಕ್ಕೆ ಒಬ್ಬರೂ ಇಲ್ಲ. ಇದನ್ನು ಹೇಳುವಾಗ ಅವಳ ಮುಖ ಎಷ್ಟು ಚೆನ್ನಾಗಿತ್ತೆಂದರೆ ಜಗಳದ ವಿಷಯ ಮರೆತೇಹೋಯಿತು. ಗುಂಡಿಯ ವಿಷಯ ತೆಗೆಯಬೇಕೆಂದಿದ್ದೆ.

ಫೆಬ್ರವರಿ 17

ನಾನು ಬರೆದದ್ದನ್ನು ಅವಳು ಎಂದೂ ನೋಡುವುದಿಲ್ಲ. "ಓದಿ ಹೇಳಿ ಅತ್ತಿಗೆ" ಎನ್ನುತ್ತಾಳೆ. ನನ್ನ ಅಕ್ಷರ ಅಷ್ಟು ಕೆಟ್ಟದ್ದಿರಬೇಕು. ಇವತ್ತು ಸೊನ್ನೆಗಳನ್ನು ದುಂಡಗೆ ಬರೆಯಲು ಪ್ರಯತ್ನಪಟ್ಟೆ. ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ಅರ್ಧ ಹೋಯಿತು. ಇನ್ನೂರ ಹನ್ನೊಂದು ಮುಗಿಯಿತು. ನಾದಿನಿ ಮತ್ತೆ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದಳು; ಗಮನವೆಲ್ಲ ಲೆಕ್ಕದ ಮೇಲೆ.

ಫೆಬ್ರವರಿ 22

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಡುಗೆಮನೆಯಲ್ಲಿದ್ದೆ. ಮುಂದಿನ ಕೋಣೆಯಲ್ಲಿ ನಾದಿನಿ ಯಾರಿಗೋ ಬುದ್ಧಿ ಹೇಳುತ್ತಿದ್ದಳು. ಅತ್ತಿಗೆಗೆ ಕೈ ಸರಿಯಿಲ್ಲ, ಇನ್ನೊಂದು ತಿಂಗಳು ಬಿಟ್ಟು ಬನ್ನಿ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಕಿದ್ದರೆ ಬಟ್ಟೆ ಇಟ್ಟು ಹೋಗಿ ಎಂದಳು. ಮತ್ತೆ ಮೌನ. ಆಮೇಲೆ ಮೇಷ್ಟರ ದನಿಯಲ್ಲಿ, "ಮಾತಾಡ್ಸಿದಾಗ ಮುಖ ಕೊಟ್ಟು ಮಾತಾಡೋದು ಕಲೀರಿ" ಎಂದು ರೇಗಿ ಒಳಗೆ ಬಂದಳು. ಈಗಿನ ಜನಕ್ಕೆ ಸೌಜನ್ಯವೇ ಇಲ್ಲ ಎಂದು ನನಗೂ ಹೇಳಿದಳು.

ನಾನು ಹೋಗಿ ನೋಡಿದೆ. ಅಲ್ಲಿದ್ದದ್ದು ಬಟ್ಟೆ ತೊಡಿಸಿ ನೋಡುವ ನನ್ನ ಗೊಂಬೆ. ಅರ್ಧ ಹೊಲಿದ ಕೋಟು ಹಾಕಿಕೊಂಡು ನಿಂತಿತ್ತು. ಮುಖ ಕೊಡಲು ಅದಕ್ಕೆ ತಲೆಯೇ ಇಲ್ಲ.

ಬಾಯಿಗೆ ಸೆರಗು ತುರುಕಿಕೊಂಡು ಬಚ್ಚಲಿಗೆ ಹೋಗಿ ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಕ್ಕು ಮುಗಿದ ಮೇಲೆ ಬಚ್ಚಲಲ್ಲೇ ಸ್ವಲ್ಪ ಹೊತ್ತು ನಿಂತೆ. ಗುಂಡಿಯ ತೂತು. ಯಂತ್ರದ ಮೇಲೆ ಬೆರಳು. ಓದಿ ಹೇಳಿ ಅತ್ತಿಗೆ. ಲೋಟದ ಪಕ್ಕಕ್ಕೆ ಸುರಿಯುವ ಕಾಫಿ.

ಅವಳಿಗೆ ಕಣ್ಣು ಕಾಣುವುದಿಲ್ಲ.

ಫೆಬ್ರವರಿ 23

ಹೇಳಲಿಲ್ಲ. ಮುನ್ನೂರ ಐವತ್ತೊಂಬತ್ತು.

ಫೆಬ್ರವರಿ 25

ಮನೆಯವರಿಗೆ ಹೇಳಿದೆ. ಅವರಿಗೆ ಗೊತ್ತಿತ್ತು. ಹೋದ ವರ್ಷವೇ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಿ ಎಂದಿದ್ದರಂತೆ. ಇವಳು ಆಸ್ಪತ್ರೆಯವರೆಗೆ ಹೋಗಿ ವಾಪಸು ಬಂದಳಂತೆ. ಕೇಳಿದರೆ ಕೋಪ ಮಾಡಿಕೊಳ್ಳುತ್ತಾಳೆಂದು ಇವರು ಸುಮ್ಮನಾದರು. ಇಪ್ಪತ್ತು ನಿಮಿಷದ ಕೆಲಸವಂತೆ ಅದು. ನನ್ನ ಕೈ ಮುರಿದಾಗ ಅವಳನ್ನು ಕರೆಸಿದ್ದು ನನಗಾಗಿಯೋ ಅವಳಿಗಾಗಿಯೋ ಎಂದು ಕೇಳಿದೆ. ಚಪ್ಪಲಿ ಹುಡುಕುತ್ತಾ, ಎರಡಕ್ಕೂ ಆಯಿತು ಅಂದುಕೊಂಡೆ ಎಂದರು. ಈ ಮನುಷ್ಯನ ತಲೆಯಲ್ಲಿ ಇಷ್ಟು ಇದೆ ಎಂದು ನನಗೆ ತಿಳಿದಿರಲಿಲ್ಲ.

ಮಾರ್ಚ್ 1

ಹೇಳಿದೆ. ಹೇಳಬಾರದಿತ್ತು. ಉಪ್ಪಿನ ಡಬ್ಬಿ ಎಂದು ಸಕ್ಕರೆ ಡಬ್ಬಿ ತೆಗೆದು ಸಾರಿಗೆ ಹಾಕಿದಳು, ಬಾಯಿಂದ ಬಂದುಬಿಟ್ಟಿತು.

ನನ್ನ ಕಣ್ಣಿನ ಸುದ್ದಿ ನಿಮಗೆ ಬೇಡ ಎಂದಳು. ಮುರಿದ ಕೈ ಇಟ್ಟುಕೊಂಡವರು ಬೇರೆಯವರಿಗೆ ಬುದ್ಧಿ ಹೇಳುವುದೇನು ಎಂದಳು. ನಾನೂ ಬಿಡಲಿಲ್ಲ, ಗೊಂಬೆಯ ವಿಷಯ ಹೇಳಿಬಿಟ್ಟೆ. ಅವಳ ಮುಖ ಸಣ್ಣದಾಯಿತು. ಅದನ್ನು ನೋಡಿ ನನ್ನ ಮುಖವೂ ಸಣ್ಣದಾಗಿರಬೇಕು, ಆದರೆ ಅದು ಅವಳಿಗೆ ಕಾಣುವಂತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳೇ ಒಂದು ಪಂಥ ಕಟ್ಟಿದಳು. ನಮ್ಮ ಸಂಖ್ಯೆ ಅವಿಭಾಜ್ಯವಾದರೆ ಅವಳ ಕಣ್ಣಿನ ಮಾತು ಈ ಮನೆಯಲ್ಲಿ ಇನ್ನು ಯಾರೂ ಎತ್ತಕೂಡದು. ಭಾಗ ಹೋದರೆ ನಾನು ಹೇಳಿದ ದಿನ ಆಸ್ಪತ್ರೆಗೆ ಬರುತ್ತಾಳೆ. ಏಳುನೂರ ಮೂವತ್ತಮೂರರವರೆಗೆ ಬಂದಾಗಿದೆ, ಯಾವುದೂ ಭಾಗಿಸಿಲ್ಲ. ಗೆಲ್ಲುವುದು ತಾನೇ ಎಂದು ಅವಳಿಗೆ ಖಾತ್ರಿ. ನನಗೂ ಖಾತ್ರಿ. ಆದರೂ ಒಪ್ಪಿಕೊಂಡೆ.

ಸಾರು ಮೂವರೂ ತಿಂದೆವು.

ಮಾರ್ಚ್ 3

ಜೀವಮಾನದಲ್ಲಿ ಯಾವುದಕ್ಕೂ ಇಷ್ಟು ಆಸೆಪಟ್ಟು ಲೆಕ್ಕ ಮಾಡಿದ್ದಿಲ್ಲ. ಒಂದೊಂದು ಸಲವೂ ಕೊನೆಯ ಸಾಲಿಗೆ ಬರುವಾಗ ಉಸಿರು ಹಿಡಿಯುತ್ತೇನೆ. ಎಂಟುನೂರ ಹನ್ನೊಂದು, ಇಲ್ಲ. ಎಂಟುನೂರ ಇಪ್ಪತ್ತೊಂದು, ಇಲ್ಲ. ಒಂದು ಸಲ, ಸೊನ್ನೆ ಬಂತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಅವಳಿಗೆ ಹೇಗೂ ಕಾಣುವುದಿಲ್ಲ. ಆದರೆ ಭಾಗಲಬ್ಧ ಎಷ್ಟು ಎಂದು ಕೇಳುತ್ತಾಳೆ, ಬಾಯಲ್ಲೇ ಗುಣಿಸಿ ಹಿಡಿದುಬಿಡುತ್ತಾಳೆ. ಈ ಹೆಂಗಸಿನ ಹತ್ತಿರ ಮಕ್ಕಳು ಹೇಗೆ ಓದಿದರೋ.

ಮಾರ್ಚ್ 5

ಒಂಬೈನೂರ ತೊಂಬತ್ತೇಳು. ಶೇಷ ನೂರ ತೊಂಬತ್ತೆರಡು.

ಅದೇ ಕೊನೆಯದು. ನೂರ ಅರವತ್ತೆಂಟೂ ಮುಗಿಯಿತು. ನಾದಿನಿ ಕೈ ಒರೆಸಿಕೊಂಡು, ಅವಿಭಾಜ್ಯ, ಮಾತು ಮಾತೇ ಎಂದಳು. ಗೆದ್ದವಳ ಸಂತೋಷ ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಬೇಗ ಮಲಗಿದಳು.

ಮನೆಯವರು ಎಲ್ಲಿಗೆ ಬಂತು ಎಂದು ಕೇಳಿದರು. ಸೋತೆ ಎಂದೆ. ಸ್ಟೂಲಿನ ಕಾಲು ಸರಿಮಾಡಿಕೊಟ್ಟರು. ಅವರಿಗೆ ತಿಳಿದ ಸಮಾಧಾನ ಅದೊಂದೇ.

ಮಾರ್ಚ್ 6

ಬೆಳಿಗ್ಗೆ ಹಿಂಡಮ್ಮನ ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕುಳಿತಿದ್ದೆ. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಎಷ್ಟು ಎಂದು ಸುಮ್ಮನೆ ಯೋಚನೆ ಬಂತು. ಹತ್ತು ಲಕ್ಷ. ನಮ್ಮ ಬಟ್ಟೆ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರ ಚಿಲ್ಲರೆ. ಹಾಗಾದರೆ ಇಪ್ಪತ್ತೆರಡು ಸಾವಿರ ಎಲ್ಲಿ ಹೋಯಿತು? ಜೋಡಿಯಲ್ಲಿ ಕುಳ್ಳಗಿರುವುದೂ ಸಾವಿರಕ್ಕಿಂತ ಒಂದೆರಡು ಅಂಗುಲ ಉದ್ದವಿದ್ದರೆ? ನಾದಿನಿಗೆ ಬಾಯಿಪಾಠ ಬರುವುದು ಸಾವಿರದವರೆಗೆ. ಅವಳ ಪಟ್ಟಿ ಮುಗಿಯಿತೆಂದು ಸಂಖ್ಯೆ ಮುಗಿಯಿತೇ?

ಔಷಧಿ ಚೀಟಿಯ ಹಿಂದೆ ಬರೆದೆ. ಮುಂದಿನ ಅವಿಭಾಜ್ಯ ಯಾವುದೆಂದು ನನಗೇನು ಗೊತ್ತು. ಬೆಸ ಸಂಖ್ಯೆಗಳನ್ನೆಲ್ಲ ಹಿಡಿದೆ. ಸಾವಿರದೊಂದಕ್ಕೆ ಶೇಷ ತೊಂಬತ್ತಾರು. ಸಾವಿರದ ಮೂರಕ್ಕೆ ಅರವತ್ತು. ಸಾವಿರದ ಐದಕ್ಕೆ ಮೂವತ್ತೆರಡು. ಸಾವಿರದ ಏಳಕ್ಕೆ ಹನ್ನೆರಡು. ಸೊಂಟದ ಅಳತೆ ಒಳಗೆ ಹಿಡಿಯುತ್ತಾ ಬಂದ ಹಾಗೆ ಸಣ್ಣದಾಗುತ್ತಾ ಬಂತು. ಹಿಂಡಮ್ಮ ನನ್ನ ಹೆಸರು ಕೂಗಿದಳು. ಒಂದು ನಿಮಿಷ ಎಂದೆ. ಮತ್ತೆ ಕೂಗಿದಳು. ಸಾವಿರದ ಒಂಬತ್ತು.

ಸಾವಿರದ ಒಂಬತ್ತನ್ನು ಸಾವಿರದ ಹದಿಮೂರರಿಂದ ಗುಣಿಸಿದರೆ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಹದಿನೇಳು. ಶೇಷ ಸೊನ್ನೆ.

ಹಿಂಡಮ್ಮ ಬಂದು ಯಾಕೆ ಅಳುತ್ತಿದ್ದೀರಿ, ಕೈ ನೋವಾ ಎಂದಳು. ಭಾಗ ಹೋಯಿತು ಎಂದೆ. ಮಾತ್ರೆ ಬದಲಾಯಿಸಬೇಕೇನೋ ಎಂದು ಡಾಕ್ಟರನ್ನು ಕರೆದಳು.

ಮಾರ್ಚ್ 6, ಸಂಜೆ

ನಾದಿನಿಗೆ ಓದಿ ಹೇಳಿದೆ. ಒಮ್ಮೆ ಬಾಯಲ್ಲಿ ಗುಣಿಸಿದಳು. ಇನ್ನೊಮ್ಮೆ ಗುಣಿಸಿದಳು. ಎದ್ದು ಹೋಗಿ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಳು. ಗಣಿತದಲ್ಲಿ ಟೈಲರ್ ಕೈಯಲ್ಲಿ ಸೋತದ್ದು ಅವಳಿಗೆ ಎಷ್ಟು ಉರಿಯುತ್ತಿತ್ತೋ.

ಕಾಫಿ ಆರಿದ ಮೇಲೆ ಮಾತಾಡಿದಳು. ಸಾವಿರದ ಹನ್ನೊಂದರ ವರ್ಗ ಹತ್ತು ಲಕ್ಷದ ಇಪ್ಪತ್ತೆರಡು ಸಾವಿರದ ನೂರ ಇಪ್ಪತ್ತೊಂದು. ನಮ್ಮದು ಅದಕ್ಕಿಂತ ನಾಲ್ಕು ಕಡಿಮೆ. ನಾಲ್ಕೆಂದರೆ ಎರಡರ ವರ್ಗ. ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದರೆ, ಸಾವಿರದ ಹನ್ನೊಂದರಿಂದ ಎರಡು ಕಳೆದದ್ದು ಒಂದು, ಅದಕ್ಕೆ ಎರಡು ಕೂಡಿಸಿದ್ದು ಒಂದು, ಈ ಎರಡರ ಗುಣಲಬ್ಧವೇ ಬರುತ್ತದೆ. ಸಾವಿರದ ಒಂಬತ್ತು, ಸಾವಿರದ ಹದಿಮೂರು. ಒಂದು ನಿಮಿಷದ ಕೆಲಸ. ಮೂವತ್ತೊಂದು ವರ್ಷ ಪ್ರತಿ ಜೂನಿನಲ್ಲಿ ಅವಳು ಮಕ್ಕಳಿಗೆ ಮಾಡಿದ ಪಾಠ.

"ಕಣ್ಣೆದುರೇ ಇತ್ತು ಅತ್ತಿಗೆ. ನಂಗೆ ಕಾಣ್ಲಿಲ್ಲ."

ಕಾಫಿ ಬಿಸಿ ಮಾಡಿ ತಂದು ಅವಳ ಕೈಗೇ ಲೋಟ ಕೊಟ್ಟೆ.

ಮಾರ್ಚ್ 12

ಕಣ್ಣಾಸ್ಪತ್ರೆ. ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು, ವಿಳಾಸ ನಾನೇ ಓದಿ ನಾನೇ ತುಂಬಿದೆ. ಆರನೇ ಸಾಲಿಗೆ ಬಂದಾಗ ನಾದಿನಿ ನನ್ನ ಮೊಣಕೈ ಹಿಡಿದಳು. ಜೊತೆಗೆ ಬಂದವರ ಹೆಸರು ಮತ್ತು ಸಂಬಂಧ ಎಂದಿತ್ತು. ಹೋದ ವರ್ಷ ಇದೇ ಸಾಲಿನಲ್ಲಿ ನಿಂತುಹೋದಳಂತೆ. ಜೊತೆಗೆ ಯಾರೂ ಇಲ್ಲದಿದ್ದರೆ ಆಪರೇಷನ್ ಮಾಡುವುದಿಲ್ಲ, ಕರೆದುಕೊಂಡು ಬನ್ನಿ ಎಂದರಂತೆ. ಸರಿ ಎಂದು ಬಸ್ಸು ಹತ್ತಿ ಮನೆಗೆ ಹೋದಳು. ಜೊತೆಗೆ ಬಾ ಎಂದು ಅಣ್ಣನಿಗೆ ಹೇಳಬಹುದಿತ್ತಲ್ಲ ಎಂದರೆ, ಹೇಳಿದರೆ ಬರುತ್ತಿದ್ದ, ಹೇಳಿ ಕರೆಸಿಕೊಳ್ಳುವುದು ಬೇಡವಾಗಿತ್ತು ಎಂದಳು.

ನನ್ನ ಹೆಸರು ಬರೆದೆ. ಸಂಬಂಧ: ಅತ್ತಿಗೆ. ಒಳ್ಳೆಯ ಅಕ್ಷರ ಬಂತು. ಕೌಂಟರಿನವನು ಗುರುತಿನ ಚೀಟಿ ಇದೆಯಾ ಎಂದ. ಇವರು ನಂಗೆ ನೂರ ಅರವತ್ತೆಂಟು ಭಾಗಾಕಾರ ಮಾಡಿಸಿದ್ದಾರೆ, ಬೇರೆಯವರು ಯಾಕೆ ಮಾಡಿಸ್ತಾರೆ ಎಂದು ಕೇಳಿದೆ. ಅವನು ಸೀಲು ಒತ್ತಿದ.

ಮಾರ್ಚ್ 19

ಬಲಗಣ್ಣು ಆಯಿತು. ಇಪ್ಪತ್ತು ನಿಮಿಷ. ನನಗೆ ಅದು ಒಂದು ಇಡೀ ಮದುವೆಯಷ್ಟು ಉದ್ದವಾಗಿತ್ತು. ಹೊರಗೆ ಕುಳಿತು ಕೈಗೆ ಸಿಕ್ಕ ಟೋಕನ್ ನಂಬರನ್ನೆಲ್ಲ ಭಾಗಿಸಿದೆ. ಪಕ್ಕದಲ್ಲಿ ಕುಳಿತಿದ್ದವರ ಟೋಕನ್ ತೊಂಬತ್ತೊಂದು. ಅದು ಏಳು ಹದಿಮೂರಲಿ ಎಂದು ಹೇಳಿದೆ. ಅವರು ಎದ್ದು ಬೇರೆ ಬೆಂಚಿಗೆ ಹೋದರು.

ಮಾರ್ಚ್ 20

ಬ್ಯಾಂಡೇಜ್ ಬಿಚ್ಚಿದರು. ಅವಳು ಮೊದಲು ನೋಡಿದ್ದು ನನ್ನನ್ನೇ. ತುಂಬ ಹೊತ್ತು ನೋಡಿದಳು.

"ಅತ್ತಿಗೆ, ನಿಮಗೆ ಯಾವಾಗ ಇಷ್ಟೊಂದು ವಯಸ್ಸಾಯ್ತು?"

ಮನೆಗೆ ಬಂದವಳು ಫ್ಯಾನಿನ ಧೂಳು ನೋಡಿದಳು, ಗೋಡೆಯ ಮೂಲೆ ನೋಡಿದಳು, ಮನೆಯವರ ಅಂಗಿಯ ಕಾಲರು ನೋಡಿದಳು. ಗುಂಡಿ ಡಬ್ಬಿಗಳನ್ನು ತೆರೆದು, ಇದನ್ನು ಯಾರು ಹೀಗೆ ಕಲಸಿಟ್ಟವರು ಎಂದು ನನ್ನನ್ನೇ ಕೇಳಿದಳು. ಲೆಕ್ಕದ ಪುಸ್ತಕ ತೆಗೆದು ಕೆಂಪು ಪೆನ್ನು ಹಿಡಿದು ಕುಳಿತಿದ್ದಾಳೆ. ಇನ್ನೂರ ಅರವತ್ತಮೂರರಲ್ಲಿ ತಪ್ಪಿದೆಯಂತೆ, ಶೇಷ ಒಂದು ಹೆಚ್ಚು ಬರೆದಿದ್ದೇನಂತೆ. ಮಾಡಿ ತೋರಿಸಬೇಕಂತೆ.

ಮಾರ್ಚ್ 22

ಬೆಳಿಗ್ಗೆ ಕತ್ತರಿ ಹಿಡಿದೆ. ಹೆಬ್ಬೆರಳು ಪೂರ್ತಿ ಒಳಗೆ ಹೋಯಿತು. ಹಳೆಯ ಹೊದಿಕೆಯ ಅಂಚು ನೇರವಾಗಿ ಕತ್ತರಿಸಿದೆ. ಈ ಕೈಗೆ ಇನ್ನು ಯಾರ ಸಹಾಯವೂ ಬೇಕಾಗಿಲ್ಲ.

ಊಟವಾದ ಮೇಲೆ ನಾದಿನಿ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಎಡಗಣ್ಣಿಗೆ ಆಮೇಲೆ ಬಂದರಾಯಿತು, ಮನೆ ಬೀಗ ಹಾಕಿ ಮೂರು ತಿಂಗಳಾಯಿತು ಎಂದಳು. ಡಾಕ್ಟರು ಪ್ರಯಾಣ ಮಾಡಲು ಎಷ್ಟು ದಿನ ಬಿಡಬೇಕು ಅಂದರು ಎಂದು ಕೇಳಿದಳು. ಅವರು ಹೇಳಿದ್ದು ಹತ್ತು ದಿನ. ಚೀಟಿಯಲ್ಲೂ ಬರೆದುಕೊಟ್ಟಿದ್ದಾರೆ. ಒಂದು ತಿಂಗಳಂತೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ರಸ್ತೆಯಲ್ಲಿ ಧೂಳು ಜಾಸ್ತಿ.

ಅವಳು ಮೇಜಿನ ಮೇಲಿದ್ದ ಚೀಟಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬೆಳಿಗ್ಗೆ ತಾನೇ ಪೇಪರಿನ ಸಣ್ಣಕ್ಷರದ ಜಾಹೀರಾತುಗಳನ್ನು ಒಂದೂ ಬಿಡದೆ ನಮಗೆ ಓದಿ ಹೇಳಿದ್ದಳು. ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಮಡಚಿದಳು. ಮೇಜಿನ ಡ್ರಾಯರಿನೊಳಗೆ ಇಟ್ಟಳು.

"ಈ ಡಾಕ್ಟರ ಅಕ್ಷರ ಯಾರಿಗೆ ಓದಕ್ಕಾಗತ್ತೆ" ಎಂದು, ಚೀಲದಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.